ಸಂತೆಯ ಗಲಾಟೆಯಿಂದ ಸಂಘದ ಕಟ್ಟೆಗೆ

ನಮ್ಮ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ರಜತ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಏನು ಬರೆಯುವುದೆಂದು ಬಹಳ ದಿನ ಯೋಚಿಸಿದೆ. ಸಂಘದ ಷೇರು ಎಷ್ಟು, ಸಾಲ ಎಷ್ಟು, ವಸೂಲಿ ಎಷ್ಟು ಎಂಬುದನ್ನೆಲ್ಲ ಸದಸ್ಯ ಬಾಂಧವರು ಕಾರ್ಯದರ್ಶಿಗಳ ವರದಿಯಲ್ಲೇ ಓದುತ್ತೀರಿ. ನಾನು ಮಕ್ಕಳಿಗೆ ಇತಿಹಾಸ ಹೇಳಿ ನಿವೃತ್ತನಾದ ಮೇಷ್ಟ್ರು. ನನಗೆ ಗೊತ್ತಿರುವುದು ಹಳೆಯ ಕತೆ. ಆದ್ದರಿಂದ ಒಂದು ಹಳೆಯ ಕತೆಯನ್ನೇ ಹೇಳುತ್ತೇನೆ. ಅದು ನಮ್ಮ ಕಟ್ಟೆಗೆ ಬಂದದ್ದು ಮಾತ್ರ ಇತ್ತೀಚೆಗೆ, ಅದೂ ಒಂದು ಆಟದ ರೂಪದಲ್ಲಿ.

ಹಾಸನದಲ್ಲಿ ಎಂಜಿನಿಯರಿಂಗ್ ಓದುವ ನನ್ನ ಮೊಮ್ಮಗ ದಸರಾ ರಜಕ್ಕೆ ಬರುವಾಗ ಇಬ್ಬರು ಸ್ನೇಹಿತರನ್ನು ಕರೆದುಕೊಂಡು ಬಂದಿದ್ದ. ಒಬ್ಬ ಅರಕಲಗೂಡು ಕಡೆಯವನು, ಇನ್ನೊಬ್ಬ ಚನ್ನರಾಯಪಟ್ಟಣದವನು. ಮೂವರೂ ಸೇರಿ ರಟ್ಟಿನ ಮೇಲೆ ಏನೋ ಗೀಚುತ್ತಿದ್ದರು. ನಾನು ಚೌಕಾಬಾರದ ಮನೆ ಇರಬೇಕು ಎಂದುಕೊಂಡೆ.

"ಚೌಕಾಬಾರ ಅಲ್ಲ ತಾತ, ಇದು ನಾವೇ ಮಾಡ್ತಿರೋ ಆಟ. ಇಂಗ್ಲೆಂಡಲ್ಲಿ ಒಂದು ಸಂತೇಲಿ ನಡೆದ ಗಲಾಟೆ. ನಗಿಸೋ ಆಟ, ಆದ್ರೆ ನಿಜವಾಗಿ ನಡೆದಿದ್ದು. ನೀವು ಮೇಷ್ಟ್ರಲ್ವಾ, ತಪ್ಪಿದ್ರೆ ತಿದ್ದಿಕೊಡಿ" ಎಂದು ನಲವತ್ತು ಚೀಟಿಗಳನ್ನು ನನ್ನ ಕೈಗಿಟ್ಟ. ಒಬ್ಬೊಬ್ಬರ ಸರದಿ ಬಂದಾಗ ಒಂದೊಂದು ಚೀಟಿ ಎತ್ತಬೇಕು. ಅದರಲ್ಲಿ ಬರೆದ ಘಟನೆ ನಡೆದಂತೆ ಲೆಕ್ಕ. ಮುಂದೆ ಹೋಗು ಎಂದರೆ ಹೋಗಬೇಕು, ಹಿಂದೆ ಬಾ ಎಂದರೆ ಬರಬೇಕು. ನಮ್ಮ ಹಾವು ಏಣಿ ಆಟವನ್ನು ಚೀಟಿಯಲ್ಲಿ ಬರೆದಂತೆ.

ಆ ಗಲಾಟೆಯ ಕತೆಯನ್ನು ಮೊದಲು ಹೇಳಿಬಿಡುತ್ತೇನೆ. ಇಸವಿ 1766. ನಮ್ಮ ಮೈಸೂರು ಸೀಮೆಯಲ್ಲಿ ಆಗ ಹೈದರಾಲಿಯ ಆಡಳಿತ. ಇಂಗ್ಲೆಂಡಿನಲ್ಲಿ ಆ ವರ್ಷ ಬೆಳೆ ಕೈಕೊಟ್ಟಿತ್ತು. ಧಾನ್ಯದ ಬೆಲೆ ಏರಿತು. ಬೆಳೆದದ್ದನ್ನು ವ್ಯಾಪಾರಸ್ಥರು ಹೆಚ್ಚು ಬೆಲೆ ಬರುವ ಕಡೆಗೆ ಸಾಗಿಸುತ್ತಿದ್ದರು. ಊರೂರಿನಲ್ಲಿ ಜನ ಗಾಡಿ ತಡೆದು, ದೋಣಿ ತಡೆದು ಗಲಾಟೆ ಮಾಡಿದರು. ಸರ್ಕಾರ ಸೆಪ್ಟೆಂಬರಿನಲ್ಲಿ ಧಾನ್ಯ ಹೊರದೇಶಕ್ಕೆ ಹೋಗದಂತೆ ಅಪ್ಪಣೆ ಹೊರಡಿಸಬೇಕಾಯಿತು. ಅಕ್ಟೋಬರಿನಲ್ಲಿ ನಾಟಿಂಗ್‌ಹ್ಯಾಮ್ ಎಂಬ ಊರಿನ ದೊಡ್ಡ ಜಾತ್ರೆ. ಅದಕ್ಕೆ ಹೆಬ್ಬಾತಿನ ಜಾತ್ರೆ ಎಂದೇ ಹೆಸರು. ಅಲ್ಲಿ ಚೀಸಿನ ವ್ಯಾಪಾರ ಜೋರು. ಚೀಸ್ ಎಂದರೆ ಹಾಲು ಒಡೆಸಿ, ನೀರು ಹಿಂಡಿ, ಒತ್ತಿ ಗಟ್ಟಿ ಮಾಡಿ ತಿಂಗಳುಗಟ್ಟಲೆ ಇಟ್ಟುಕೊಂಡು ತಿನ್ನುವ ಪದಾರ್ಥ. ನಮ್ಮ ಬಡವರಿಗೆ ಮುದ್ದೆ ಹೇಗೋ ಅಲ್ಲಿಯ ಬಡವರಿಗೆ ಬ್ರೆಡ್ಡು ಮತ್ತು ಚೀಸು ಹಾಗೆ. ಗಾಡಿಯ ಚಕ್ರದಂತೆ ದುಂಡಗೆ ಮಾಡುತ್ತಾರೆ. ಈ ದುಂಡಗಿನ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಆ ವರ್ಷ ಜಾತ್ರೆಯಲ್ಲಿ ಚೀಸಿನ ಬೆಲೆ ನಮ್ಮ ಲೆಕ್ಕದ ಸುಮಾರು ಐವತ್ತು ಕಿಲೋಗೆ 28ರಿಂದ 30 ಷಿಲಿಂಗಿಗೆ ಏರಿತ್ತು. ಊರವರು ಚೌಕಾಸಿ ಮಾಡುತ್ತಾ ನಿಂತಿರುವಾಗಲೇ ಲಿಂಕನ್‌ಷೈರ್ ಕಡೆಯ ವ್ಯಾಪಾರಸ್ಥರು ರಾಶಿಗಟ್ಟಲೆ ಕೊಂಡು ಗಾಡಿಗೆ ಹೇರಲು ಶುರುಮಾಡಿದರು. 'ಮೊದಲು ಊರಿಗೆ ಸಾಕಾಗಲಿ, ಆಮೇಲೆ ತಗೊಂಡು ಹೋಗಿ' ಎಂದು ಜನ ಅಡ್ಡ ನಿಂತರು. ಮಾತಿಗೆ ಮಾತು ಬೆಳೆಯಿತು, ಕೈ ಕೈ ಹತ್ತಿತು. ಅಂಗಡಿಗಳು ಬಿದ್ದವು. ದುಂಡನೆಯ ಚೀಸುಗಳು ಇಳಿಜಾರು ಬೀದಿಗಳಲ್ಲಿ ಗಡಗಡನೆ ಉರುಳಿಕೊಂಡು ಹೋದವು. ಸಮಾಧಾನ ಹೇಳಲು ಬಂದ ಊರಿನ ಮೇಯರಿಗೆ ಅಂಥದೊಂದು ಚೀಸು ಬಡಿದು ಅವರು ನೆಲಕ್ಕೆ ಬಿದ್ದರು. ನದಿಯಲ್ಲಿ ಚೀಸು ತುಂಬಿದ್ದ ದೋಣಿಯನ್ನೂ ಜನ ಬಿಡಲಿಲ್ಲ. ಕೊನೆಗೆ ಕುದುರೆ ಸೈನ್ಯವನ್ನು ಕರೆಸಬೇಕಾಯಿತು.

ಹುಡುಗರ ಚೀಟಿಗಳನ್ನು ಓದುತ್ತಾ ನಾನು ನಕ್ಕಿದ್ದು ಸುಳ್ಳಲ್ಲ. ಒಂದೆರಡನ್ನು ಇಲ್ಲಿ ಕೊಡುತ್ತೇನೆ.

'ಮೇಯರ್ ಸಾಹೇಬರು ಭಾಷಣಕ್ಕೆ ನಿಂತರು. ಚೀಸು ಉರುಳಿ ಬಂತು. ಸಾಹೇಬರು ಕೆಳಗೆ, ಚೀಸು ಮೇಲೆ. ಭಾಷಣ ಮುಗಿಯಿತು. ಮೂರು ಮನೆ ಹಿಂದಕ್ಕೆ.'

'ದೋಣಿ ಸಿಕ್ಕಿತು. ಎಲ್ಲರ ಮನೆಯಲ್ಲೂ ಚೀಸು. ಬ್ರೆಡ್ಡು ಯಾರ ಮನೆಯಲ್ಲೂ ಇಲ್ಲ. ಇದ್ದಲ್ಲೇ ಇರಿ.'

'ಕುದುರೆ ಸೈನ್ಯ ಬಂತು. ಬಾಯಿ ಒರೆಸಿಕೊಂಡು, ನಾನಲ್ಲ ಎನ್ನಿ. ಒಂದು ಸರದಿ ಬಿಡಿ.'

ಸಂಜೆ ಹುಡುಗರು ಇದನ್ನು ಸಂಘದ ಕಟ್ಟೆಗೆ ತಂದರು. ಹಾಲು ಹಾಕಿ ಬಂದವರು, ರೇಷನ್ನಿಗೆ ಬಂದವರು ಸುತ್ತ ಸೇರಿದರು. ಮೇಯರು ಬಿದ್ದ ಚೀಟಿ ಬಂದಾಗಲೆಲ್ಲ ಕಟ್ಟೆ ಹಾರಿಹೋಗುವ ಹಾಗೆ ನಗು. ಹಸಿವಿನ ಗಲಾಟೆಯನ್ನು ನಗೆಯಾಟ ಮಾಡುವುದು ಸರಿಯೇ ಎಂದು ಕೆಲವರು ಕೇಳಬಹುದು. ಕಷ್ಟವನ್ನು ನಗುನಗುತ್ತ ಹೇಳುವುದು ನಮ್ಮ ಸೀಮೆಗೆ ಹೊಸದಲ್ಲ. ಹೇಮಾವತಿ ದಡದ ಗೊರೂರು ರಾಮಸ್ವಾಮಿ ಅಯ್ಯಂಗಾರರು 'ಹಳ್ಳಿಯ ಚಿತ್ರಗಳು' ಬರೆದದ್ದು ಹಾಗೆಯೇ ಅಲ್ಲವೆ? ಅಧಿಕಾರದಲ್ಲಿರುವವರು ಬಿದ್ದರೆ ಇಲ್ಲದವರು ನಗುತ್ತಾರೆ. ಅದು ಲೋಕದ ರೂಢಿ.

ಆದರೆ ನಲವತ್ತು ಚೀಟಿಯಲ್ಲಿ ಒಂದು ಕಡಿಮೆ ಇತ್ತು. ಸೈನ್ಯದವರು ಹಾರಿಸಿದ ಗುಂಡಿಗೆ ಅಂದು ಒಬ್ಬ ಸತ್ತ. ಹೆಸರು ವಿಲಿಯಂ ಎಗಲ್‌ಸ್ಟನ್. ಅವನು ಲೂಟಿಗೆ ಬಂದವನಲ್ಲ. ತನ್ನ ಚೀಸಿನ ರಾಶಿಯನ್ನು ಕಾಯುತ್ತಿದ್ದ ಒಬ್ಬ ರೈತ. ಗಲಾಟೆ ಮಾಡಿದವರು ಓಡಿಹೋದರು, ಗುಂಡು ತಗುಲಿದ್ದು ಮಾಲು ಕಾಯುತ್ತಿದ್ದವನಿಗೆ.

"ಇವನ ಚೀಟಿ ಎಲ್ಲಪ್ಪಾ?" ಎಂದೆ.

"ಅದನ್ನ ಹಾಕಿದ್ರೆ ನಗು ಹೋಗುತ್ತೆ ತಾತ" ಎಂದ ಮೊಮ್ಮಗ.

"ಹೋಗಲಿ. ಅವನಿಗೂ ಹೋಯ್ತಲ್ಲ."

ಹುಡುಗರು ಸುಮ್ಮನಾದರು. ಈ ವಿಷಯಕ್ಕೆ ಎರಡು ದಿನ ನಮ್ಮ ಮನೆಯಲ್ಲಿ ಚರ್ಚೆ ನಡೆಯಿತು. ಅದು ಏನಾಯಿತೆಂದು ಕೊನೆಯಲ್ಲಿ ಹೇಳುತ್ತೇನೆ.

ಈ ನಡುವೆ ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು, "ಮೇಷ್ಟ್ರೇ, ನಮ್ಮ ಸೀಮೇಲಿ ಇಂಥದ್ದು ನಡೀಲೇ ಇಲ್ವೆ? ಬರ ಬಂದಿಲ್ವೆ ನಮಗೆ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಬರ ಬಂದಿದೆ, ಎಂಥ ಬರ! ಧಾತು ಈಶ್ವರ ಸಂವತ್ಸರದ ಬರವೆಂದು ನಮ್ಮ ಮುತ್ತಜ್ಜಿಯರು ಹೇಳುತ್ತಿದ್ದುದು 1876ರಿಂದ 1878ರವರೆಗಿನ ಮಹಾ ಬರ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷದ ಮೇಲೆ, 1881ರಲ್ಲಿ, 41,86,188. ಹೆಚ್ಚಬೇಕಾಗಿದ್ದ ಜನ ಎಂಟೂವರೆ ಲಕ್ಷಕ್ಕೂ ಮೀರಿ ಕಡಿಮೆಯಾದರು. ಆಗ ರೈಲು ಇದ್ದದ್ದು ಬೆಂಗಳೂರಿನವರೆಗೆ. ಮದ್ರಾಸಿನಿಂದ ರೈಲಿನಲ್ಲಿ ಬಂದ ಧಾನ್ಯ ಹಾಸನದ ಕಡೆಗೆ ಎತ್ತಿನ ಗಾಡಿಯಲ್ಲಿ ಬರಬೇಕು. ಎಳೆಯುವ ಎತ್ತಿಗೇ ಮೇವಿಲ್ಲ.

ಅಷ್ಟು ಜನ ಸತ್ತರೂ ಸಂತೆಯ ಲೂಟಿಯ ಕತೆಗಿಂತ ಊರು ಬಿಟ್ಟವರ, ಗಂಜಿ ಕೇಂದ್ರಕ್ಕೆ ನಡೆದವರ, ದಾರಿಯಲ್ಲೇ ಬಿದ್ದವರ ಕತೆಯೇ ನಮ್ಮಲ್ಲಿ ಉಳಿದಿದೆ. ಇದರಲ್ಲಿ ಒಂದು ಕಹಿ ಸತ್ಯವಿದೆ. ಗಲಾಟೆ ಮಾಡಲೂ ಮೈಯಲ್ಲಿ ಕಸುವಿರಬೇಕು. ನಾಳೆ ಹಸಿವಾಗುತ್ತದೆ ಎಂದು ಹೆದರಿದವನು ಗಾಡಿ ತಡೆಯುತ್ತಾನೆ. ತಿಂಗಳಿಂದ ಹಸಿದವನು ಗೋಡೆಗೆ ಒರಗುತ್ತಾನೆ. 1943ರ ಬಂಗಾಳದ ಬರದಲ್ಲಿ ದಾಸ್ತಾನು ತುಂಬಿದ ಅಂಗಡಿಗಳ ಮುಂದೆಯೇ ಜನ ಸತ್ತರೆಂದು ಅಮರ್ತ್ಯ ಸೇನ್ ಅವರು ಬರೆದಿದ್ದಾರೆ. ಆದುದರಿಂದ ಗಲಾಟೆ ಇಲ್ಲವೆಂದರೆ ಜನ ಸುಖವಾಗಿದ್ದಾರೆ ಎಂದು ಯಾವ ಸರ್ಕಾರವೂ, ಯಾವ ಸಂಘವೂ ತಿಳಿಯಬಾರದು.

ಗಲಾಟೆಗಳೂ ನಡೆದಿವೆ. 1918ರಲ್ಲಿ ಮೊದಲನೆಯ ಮಹಾಯುದ್ಧ ಮುಗಿಯುತ್ತಿದ್ದ ಸಮಯದಲ್ಲಿ ನಮ್ಮ ನೆರೆಯ ಮದ್ರಾಸ್ ಪ್ರಾಂತ್ಯದ ಊರುಗಳಲ್ಲಿ ಜನ ಸಂತೆಗಳಿಗೂ ಅಂಗಡಿಗಳಿಗೂ ನುಗ್ಗಿದರು. ಕೆಲವು ಕಡೆ ದೋಚಿದರು. ಕೆಲವು ಕಡೆ ದೋಚದೆ, 'ಇದು ನ್ಯಾಯವಾದ ಬೆಲೆ, ಇದಕ್ಕೆ ಅಳೆದು ಕೊಡು' ಎಂದು ಅಳೆಸಿಕೊಂಡರು. ಅದೇ ವರ್ಷ ಜಪಾನಿನಲ್ಲಿ ಒಂದು ಕಡಲ ತೀರದ ಮೀನುಗಾರರ ಮನೆಯ ಹೆಂಗಸರು, ನಮ್ಮೂರಿನ ಅಕ್ಕಿ ಹಡಗು ಹತ್ತಬಾರದು ಎಂದು ತಡೆದು ನಿಂತರು. ಅದು ದೇಶಕ್ಕೆಲ್ಲ ಹಬ್ಬಿ ಅಲ್ಲಿಯ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು. ಭಾಷೆ ಬೇರೆ, ಬಟ್ಟೆ ಬೇರೆ, ತಿನ್ನುವ ಪದಾರ್ಥ ಬೇರೆ. ಕೇಳಿದ ಮಾತು ಮಾತ್ರ ಎಲ್ಲ ಕಡೆಯೂ ಒಂದೇ: ನಮ್ಮೆದುರಿಗೆ ಬೆಳೆದದ್ದು ನಮ್ಮೆದುರಿನಿಂದಲೇ ಹೋಗುತ್ತಿದೆ, ಎಷ್ಟು ಹೋಗುತ್ತಿದೆ, ಯಾರಿಗೆ ಹೋಗುತ್ತಿದೆ, ಯಾವ ಬೆಲೆಗೆ ಹೋಗುತ್ತಿದೆ?

ನಮ್ಮ ಜಿಲ್ಲೆಯಲ್ಲಿ ಈ ಮಾತು ಎದ್ದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. 1942ರಲ್ಲಿ ಬರ್ಮಾ ಜಪಾನಿನವರ ಕೈಗೆ ಹೋಗಿ ಅಲ್ಲಿಂದ ಬರುವ ಅಕ್ಕಿ ನಿಂತುಹೋಯಿತು. ಅದೇ ವರ್ಷ ಕ್ವಿಟ್ ಇಂಡಿಯಾ ಚಳವಳಿ ಹಬ್ಬಿದಾಗ ನಮ್ಮ ಜಿಲ್ಲೆಯ ಸಂತೆಗಳಲ್ಲಿ ಸುಂಕ ಕೊಡುವುದಿಲ್ಲ ಎಂಬುದೂ ಹೋರಾಟದ ಒಂದು ದಾರಿಯಾಯಿತು. ಆಮೇಲೆ ಬಂದದ್ದು ಲೆವಿ. ಬೆಳೆದವನು ಮನೆಗೆ ಇಷ್ಟು ಇಟ್ಟುಕೊಂಡು ಉಳಿದದ್ದನ್ನು ಸರ್ಕಾರ ಹೇಳಿದ ಬೆಲೆಗೆ ಕೊಡಬೇಕು. ಪಟ್ಟಣದವರಿಗೆ ರೇಷನ್ ನಡೆಯಬೇಕಲ್ಲ! ಉದ್ದೇಶ ಒಳ್ಳೆಯದೇ. ಆದರೆ ಕಣದಲ್ಲಿ ನಿಂತ ರೈತನಿಗೆ ಪಟ್ಟಣದ ಹಸಿವು ಕಾಣದು. ಅವನಿಗೆ ಕಾಣುವುದು ಶ್ಯಾನುಭೋಗರ ಲೆಕ್ಕ ಮತ್ತು ತನ್ನ ರಾಗಿ ರಾಶಿ.

ಇಲ್ಲಿಗೆ ಬಂದಾಗ ಕಟ್ಟೆಯ ಹಿರಿಯರ ನೆನಪು ಚಿಗುರಿತು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಹಳೆಯ ಮನೆಗಳವರಿಗೆ ಹಗೇವು ಎಂದರೇನೆಂದು ಹೇಳಬೇಕಾಗಿಲ್ಲ. ಇಂದಿನ ಮಕ್ಕಳಿಗಾಗಿ ಹೇಳುತ್ತೇನೆ: ನೆಲದೊಳಗೆ ಹೂಜಿಯ ಆಕಾರಕ್ಕೆ ತೋಡಿದ ರಾಗಿಯ ಕಣಜ. ಬಾಯಿ ಕಿರಿದು, ಒಳಗೆ ಅಗಲ. ಗಾಳಿಯಾಡದ ಹಾಗೆ ಮುಚ್ಚಿದರೆ ರಾಗಿ ವರ್ಷಗಟ್ಟಲೆ ಕೆಡದು. ಲೆವಿಯವರು ಬರುವ ಸುದ್ದಿ ತಿಳಿದರೆ ಹಗೇವಿನ ಬಾಯಿಗೆ ಚಪ್ಪಡಿ ಎಳೆದು, ಮಣ್ಣು ಹರಡಿ, ಮೇಲೆ ಎಮ್ಮೆ ಕಟ್ಟುತ್ತಿದ್ದರೆಂದು ನಮ್ಮ ತಂದೆ ಹೇಳುತ್ತಿದ್ದರು. ಹುಡುಗರು ಅಲ್ಲೇ ಕೂತು ಚೀಟಿ ಬರೆದರು: 'ಲೆವಿ ಅಧಿಕಾರಿಗಳು ಹಗೇವು ಎಲ್ಲಿ ಎಂದರು. ಎಮ್ಮೆ ಉತ್ತರ ಹೇಳಲಿಲ್ಲ. ಎರಡು ಮನೆ ಮುಂದಕ್ಕೆ.'

ಮತ್ತೆ ನಗು. ಅಷ್ಟರಲ್ಲಿ ಹಿಂದೆ ನಿಂತಿದ್ದ ಒಬ್ಬ ಅಜ್ಜಿ, "ನಗ್ರಪ್ಪ ನಗ್ರಿ. ಹಗೇವು ಇದ್ದೋರು ಬಚ್ಚಿಟ್ರು. ನಮ್ಮಪ್ಪನಿಗೆ ಹೊಲಾನೇ ಇರ್ಲಿಲ್ಲ. ನಾವು ಎಮ್ಮೆ ಯಾವುದರ ಮೇಲೆ ಕಟ್ಟೋದು?" ಎಂದರು. ಕಟ್ಟೆ ತಣ್ಣಗಾಯಿತು. ಒಂದೇ ಊರಿನಲ್ಲಿ ಒಬ್ಬರಿಗೆ ಹಗೇವು, ಇನ್ನೊಬ್ಬರಿಗೆ ಕೂಲಿಯ ರಾಗಿ. ಸಂತೆಯ ಗಲಾಟೆ ಯಾವಾಗಲೂ ಊರವರಿಗೂ ಹೊರಗಿನವರಿಗೂ ನಡೆಯುವುದಲ್ಲ, ಊರಿನ ಒಳಗೂ ಅದು ಇದೆ ಎಂಬುದನ್ನು ನನ್ನ ಇತಿಹಾಸದ ಪುಸ್ತಕಗಳಿಗಿಂತ ಆ ತಾಯಿ ಸರಿಯಾಗಿ ಹೇಳಿದರು.

ಇನ್ನು ಗಲಾಟೆಯಿಂದ ಸಂಘಕ್ಕೆ ಬರೋಣ. ಗಲಾಟೆ ಮಾಡಿದವರಿಗೆ ಒಂದು ದಿನದ ಊಟ ಸಿಕ್ಕಿರಬಹುದು. ಮುಂದಿನ ಸಂತೆಗೆ ಬೆಲೆ ಮತ್ತೆ ಅದೇ. ಇದನ್ನು ಕಂಡ ಇಂಗ್ಲೆಂಡಿನ ಬಡವರಲ್ಲೇ ಕೆಲವರು ಬೇರೆ ದಾರಿ ಹಿಡಿದರು. 1795ರಲ್ಲಿ ಹಿಟ್ಟಿನ ಬೆಲೆ ಏರಿದಾಗ ಹಲ್ ಎಂಬ ಪಟ್ಟಣದ ಬಡ ಜನ ಸೇರಿ ಮೇಯರಿಗೆ ಅರ್ಜಿ ಕೊಟ್ಟು, ತಾವೇ ಹಣ ಕೂಡಿಸಿ, ತಮ್ಮದೇ ಹಿಟ್ಟಿನ ಗಿರಣಿ ಕಟ್ಟಿಕೊಂಡರು. ಗಮನಿಸಿ, ಮೇಯರನ್ನು ಬೀಳಿಸಲಿಲ್ಲ, ಅವರ ಕೈಗೆ ಕಾಗದ ಕೊಟ್ಟರು. 1844ರ ಡಿಸೆಂಬರ್ 21ರಂದು ರಾಕ್‌ಡೇಲ್ ಎಂಬ ಊರಿನಲ್ಲಿ ಇಪ್ಪತ್ತೆಂಟು ಜನ ತಲೆಗೊಂದು ಪೌಂಡ್ ಷೇರು ಹಾಕಿ ಒಂದು ಸಣ್ಣ ಅಂಗಡಿ ತೆರೆದರು. ಅವರಲ್ಲಿ ಅನೇಕರು ನೇಕಾರರು. ಅಂಗಡಿಯಲ್ಲಿ ಇದ್ದದ್ದು ಹಿಟ್ಟು, ಸಕ್ಕರೆ, ಬೆಣ್ಣೆ, ಓಟ್ಸ್ ಹಿಟ್ಟು, ಮೇಣದ ಬತ್ತಿ. ಕಲಬೆರಕೆ ಇಲ್ಲದ ಮಾಲು, ಸರಿಯಾದ ತೂಕ, ಒಬ್ಬ ಸದಸ್ಯನಿಗೆ ಒಂದೇ ಮತ, ಲಾಭ ಬಂದರೆ ಕೊಂಡವರಿಗೆ ಹಂಚಿಕೆ. ಸಹಕಾರ ಚಳವಳಿಯ ಬೇರು ಅಲ್ಲಿದೆ.

ನಮ್ಮ ದೇಶದಲ್ಲಿ ಸಹಕಾರ ಸಂಘಗಳ ಕಾಯಿದೆ ಬಂದದ್ದು 1904ರಲ್ಲಿ. ಮರುವರ್ಷ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಹಳ್ಳಿಯ ಸಹಕಾರ ಸಂಘವನ್ನು ಹುಟ್ಟುಹಾಕಿದರು. ಅದೇ ವರ್ಷ ಮೈಸೂರು ಸಂಸ್ಥಾನವೂ ತನ್ನ ಕಾಯಿದೆ ಮಾಡಿತು. ಆ ಸಾಲಿನಲ್ಲಿ ಬಹಳ ಹಿಂದೆ ನಿಂತ ಒಂದು ಚಿಕ್ಕ ಸಂಘ ನಮ್ಮದು. ಹಿಂದೆ ನಿಂತರೂ ಸಾಲು ಅದೇ.

ನಮ್ಮ ಸಂಘದ ಒಂದು ದಿನವನ್ನು ಇಲ್ಲಿ ನೆನೆಯದೆ ಇರಲಾರೆ. 2008ರ ಜೂನ್ ತಿಂಗಳು. ಮುಂಗಾರು ಹಿಡಿದಿತ್ತು, ರಾಜ್ಯದಲ್ಲೆಲ್ಲ ಗೊಬ್ಬರಕ್ಕೆ ಹಾಹಾಕಾರ. ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಲು ಸೇರಿದ್ದ ರೈತರ ಮೇಲೆ ಗೋಲಿಬಾರ್ ಆಗಿ ಪ್ರಾಣ ಹೋಯಿತು. ಅದಾದ ಕೆಲವೇ ದಿನಕ್ಕೆ ನಮ್ಮ ಸಂಘಕ್ಕೆ ಒಂದು ಲಾರಿ ಗೊಬ್ಬರ ಬಂತು. ಬೇಕಾದವರು ಮೂರು ಲಾರಿಗಾಗುವಷ್ಟು ಜನ. ಬೆಳಗಿನ ಜಾವಕ್ಕೇ ಬಾಗಿಲ ಮುಂದೆ ಜಾತ್ರೆ. ತಳ್ಳಾಟದಲ್ಲಿ ಷಟರು ಬಗ್ಗಿತು. ಹಿಂದಿನಿಂದ ಯಾರೋ "ಬೀಗ ಒಡೀರ್ಲಾ" ಎಂದು ಕೂಗಿದರು. ಯಾರೆಂದು ನಮಗೆಲ್ಲ ಗೊತ್ತು. ಇಂದು ಅವರೂ ಈ ಲೇಖನ ಓದಿ ನಗುತ್ತಾರೆ.

ಆಗ ಮುಂದೆ ನಿಂತಿದ್ದ ಒಬ್ಬ ಸದಸ್ಯೆ, ಎರಡೆಕರೆ ಒಂಟಿ ಹೆಂಗಸು, ತಿರುಗಿ ಕೇಳಿದರು: "ಒಡೀರಿ. ಒಡೆದ ಮೇಲೆ ಪಟ್ಟಿ ಯಾರ ಹತ್ರ ಇರುತ್ತೆ? ಗಟ್ಟಿ ತೋಳು ಇದ್ದೋರು ಹೊತ್ಕೊಂಡು ಹೋಗ್ತಾರೆ. ನಾನು ಯಾರ ಮುಖ ನೋಡ್ಲಿ?"

ಅಷ್ಟೇ ಮಾತು. ಕಾರ್ಯದರ್ಶಿಗಳು ಮೇಜನ್ನು ಬೀದಿಗೆ ತಂದು, ಸದಸ್ಯರ ಪುಸ್ತಕ ಬಿಚ್ಚಿ, ಎಲ್ಲರಿಗೂ ಕೇಳುವ ಹಾಗೆ ಹೆಸರು ಕೂಗಿದರು. ಹತ್ತೆಕರೆಯವರಿಗೂ ಒಂದು ಚೀಲ, ಎರಡೆಕರೆಯವರಿಗೂ ಒಂದು ಚೀಲ. ನಿರ್ದೇಶಕರ ಹೆಸರು ಕೊನೆಗೆ. ಸಾಕಾಗಲಿಲ್ಲ, ಗೊಣಗಾಟ ತಪ್ಪಲಿಲ್ಲ, ನನ್ನ ಹೊಲಕ್ಕೂ ಅರ್ಧ ಗೊಬ್ಬರವೇ ಆಯಿತು. ಆದರೆ ಅಂದು ನಮ್ಮೂರಿನಲ್ಲಿ ಯಾರೂ ಬೀಳಲಿಲ್ಲ. ಸಂಘದ ಇಪ್ಪತ್ತೈದು ವರ್ಷದಲ್ಲಿ ನನಗೆ ಹೆಮ್ಮೆಯ ದಿನ ಯಾವುದೆಂದರೆ ಹೊಸ ಕಟ್ಟಡದ ಉದ್ಘಾಟನೆಯಲ್ಲ, ಆ ದಿನ. ಗಲಾಟೆ ಮಾಡುವವರೂ ಸಂಘ ಕಟ್ಟುವವರೂ ಕೇಳುವುದು ಒಂದೇ ನ್ಯಾಯ. ಗಲಾಟೆಯಲ್ಲಿ ಅದು ತೋಳಿನ ಬಲದಲ್ಲಿ ನಿಲ್ಲುತ್ತದೆ. ಸಂಘದಲ್ಲಿ ಅದು ಎಲ್ಲರೂ ನೋಡಬಹುದಾದ ಪಟ್ಟಿಯಲ್ಲಿ ನಿಲ್ಲುತ್ತದೆ.

ಹುಡುಗರು ಸಂಘಕ್ಕೂ ಒಂದು ಚೀಟಿ ಬರೆದರು: 'ಸಹಕಾರ ಸಂಘ ಸ್ಥಾಪನೆ. ಮೂರು ಸರದಿ ಸುಮ್ಮನೆ ಕೂರಿ. ಆಮೇಲೆ ನಿಮ್ಮನ್ನು ಯಾರೂ ಹಿಂದಕ್ಕೆ ಕಳಿಸುವಂತಿಲ್ಲ.' ಈ ಚೀಟಿ ಯಾರಿಗೂ ಬೇಡ, ಮಜಾ ಇಲ್ಲ ಎಂದು ಅರಕಲಗೂಡಿನ ಹುಡುಗ ಹೇಳಿದ. ಸರಿಯಾಗಿಯೇ ಹೇಳಿದ. ಚೀಸು ಉರುಳುವುದಕ್ಕೆ ಒಂದು ನಿಮಿಷ ಸಾಕು, ಸಂಘ ನಿಲ್ಲುವುದಕ್ಕೆ ವರ್ಷಗಳು ಬೇಕು. ಸಭೆಗಳಲ್ಲಿ ಆಕಳಿಕೆ ಬರುತ್ತದೆ. ಅದು ನಿಜ.

ಎಗಲ್‌ಸ್ಟನ್‌ನ ಚೀಟಿಯೂ ಆಯಿತು. ಅದರಲ್ಲಿ ಹಾಸ್ಯವಿಲ್ಲ. ಅವನ ಹೆಸರು, ಅವನು ರೈತ, ತನ್ನ ಮಾಲು ಕಾಯುತ್ತಿದ್ದ ಎಂಬಷ್ಟೇ ಇದೆ. ಕೆಳಗೆ, 'ಈ ಚೀಟಿ ಬಂದಾಗ ಒಂದು ಸುತ್ತು ಯಾರೂ ಆಡುವಂತಿಲ್ಲ' ಎಂದು ಬರೆದಿದ್ದಾರೆ. ಕಟ್ಟೆಯ ಮೇಲೆ ಅದು ಮೊದಲ ಸಲ ಬಂದಾಗ ಹಾವೇರಿಯ ಮಾತನ್ನು ಯಾರೋ ತೆಗೆದರು. ಒಂದು ಸುತ್ತು ಸುಮ್ಮನೆ ಕೂತೆವು. ಆಮೇಲೆ ಮೇಯರು ಬಿದ್ದಾಗ ಮತ್ತೆ ನಕ್ಕೆವು. ನಗು ಹೋಗಲಿಲ್ಲ.

ಕೊನೆಯದಾಗಿ ಸದಸ್ಯ ಬಾಂಧವರಲ್ಲಿ ಒಂದು ಮಾತು. ಹಗೇವು ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಒಳಗೆ ಕೆಟ್ಟ ಗಾಳಿ ನಿಂತಿರುತ್ತದೆ, ಇಳಿದವನು ಮೇಲೆ ಬರುವುದಿಲ್ಲ. ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. ಉರಿದರೆ ಇಳಿಯುವುದು, ಆರಿದರೆ ಕಾಯುವುದು. ಸಂಘಕ್ಕೆ ಆ ದೀಪವೆಂದರೆ ವಾರ್ಷಿಕ ಮಹಾಸಭೆ. ಕಳೆದ ಕೆಲವು ವರ್ಷಗಳಿಂದ ಸಭೆಗೆ ಕೋರಂ ಸಾಲದೆ ಅರ್ಧ ಗಂಟೆ ಮುಂದೂಡಿ ನಡೆಸುವುದು ರೂಢಿಯಾಗಿಬಿಟ್ಟಿದೆ. ಸಾಲಕ್ಕೆ ಬರುವಷ್ಟು ಜನ ಲೆಕ್ಕ ನೋಡಲು ಬರುವುದಿಲ್ಲ. ಪಟ್ಟಿಯನ್ನು ಯಾರೂ ನೋಡದಿದ್ದರೆ ಅದು ಮೆಲ್ಲಗೆ ಗಟ್ಟಿ ತೋಳಿನವರ ಕೈಗೆ ಹೋಗುತ್ತದೆ, ಬೀಗ ಒಡೆಯುವ ಕೆಲಸವೂ ಬೇಕಾಗುವುದಿಲ್ಲ.

ಹುಡುಗರು ಆ ಆಟದ ಒಂದು ಪೆಟ್ಟಿಗೆಯನ್ನು ಸಂಘದ ಕಚೇರಿಗೇ ಕೊಟ್ಟಿದ್ದಾರೆ. ಈ ಸಲದ ಮಹಾಸಭೆಗೆ ಎಲ್ಲರೂ ಬನ್ನಿ. ಮೊದಲು ಲೆಕ್ಕ ಕೇಳೋಣ, ಆಮೇಲೆ ಕಟ್ಟೆಯ ಮೇಲೆ ಕೂತು ಮೇಯರನ್ನು ಬೀಳಿಸೋಣ.